ಮೊದಲ ಓದುಗನಿಗೆ ಕಳಿಸಿದ ಪ್ರತಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಬರೆದಿದ್ದೇನೆ ಎಂದುಕೊಂಡು ಮುಂದೆ ಓದು. ಶನಿವಾರ ನೀನು ಮನೆಗೆ ಬರಬೇಡ. ಪಿಟೀಲಿನ ಜೊತೆ ಬೆಟ್ಟದ ಮೇಲಿನ ವಿಶ್ರಾಂತಿಗೃಹದಲ್ಲೇ ಇರು. ಇನ್ನೊಂದು ತಿಂಗಳು ಬಟ್ಟೆ ಒಗೆಯುವ ಕೆಲಸಕ್ಕೆ ನಿಲ್ಲುತ್ತೇನೆ ಎಂದು ಮೇಲ್ವಿಚಾರಕಿಗೆ ಹೇಳು. ಆಳು ಸಾಲದೆಂದು ಅವರೇ ಗೋಗರೆಯುತ್ತಿದ್ದರಲ್ಲ. ನಿನ್ನ ಮಗಳು ಪಿಟೀಲು ಎಂಬ ತನ್ನ ಅಡ್ಡಹೆಸರಿಗೆ ತಕ್ಕಂತೆ ರಾಗ ಎಳೆದರೆ ಎಳೆಯಲಿ, ಬಿಡು.

ಹೆದರಬೇಡ. ನಾನು ಕರಡು ತಿದ್ದುವ ಗೆಳತಿಯ ಮನೆಯಲ್ಲಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.

ಹೇಳದೆ ಇದ್ದರೆ ನೀನು ಹಟ ಹಿಡಿದು ಬಂದೇಬಿಡುತ್ತೀಯ, ಆದ್ದರಿಂದ ಹೇಳುತ್ತೇನೆ. ನನ್ನ ಪುಸ್ತಕ ಅಚ್ಚಾಗಿ ಬಂದ ದಿನ ಪೆಟ್ಟಿಗೆಗಳನ್ನು ಮಂಚದ ಕೆಳಗೆ ತಳ್ಳುತ್ತಾ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ನಕ್ಕಿದ್ದೆ. ಹೆಗ್ಗಣವನ್ನು ಯಾರೂ ಕೇಳಲಿಲ್ಲ. ಮಾರುವುದು ಲೇಖಕರ ಕೆಲಸ ಅಂತ ಪ್ರಕಾಶಕರು ಕೈತೊಳೆದುಕೊಂಡರು. ಆಗ ನಾನು ಆ ಪ್ರಚಾರದ ಮೇಷ್ಟ್ರ ಆನ್‌ಲೈನ್ ತರಗತಿಗೆ ಸೇರಿದೆ. ಪುಸ್ತಕ ಯಾರೂ ಕೊಳ್ಳಲ್ಲಮ್ಮ, ಬರೆದವರನ್ನ ಕೊಳ್ತಾರೆ ಅಂದರು ಅವರು. ಕಾವ್ಯನಾಮ ಇರಲಿ, ಆದರೆ ಮುಖ ತೋರಿಸದೆ ಏನೂ ನಡೆಯಲ್ಲ, ದಿನಾ ಏನಾದರೂ ಹಾಕುತ್ತಿರಿ, ಬರೆಯುವ ಮೇಜು, ಕಿಟಕಿ, ಚಹಾ ಲೋಟ, ಏನಾದರೂ ಅಂದರು. ಹಾಕಿದೆ.

ಮೊದಮೊದಲು ನಮ್ಮ ದರ್ಜಿ ಹೆಂಗಸು ಬಿಟ್ಟರೆ ಯಾರೂ ನೋಡುತ್ತಿರಲಿಲ್ಲ. ಆಮೇಲೆ ಒಬ್ಬ ಬಂದ. ಖಾತೆಯ ಹೆಸರು ‘ಮೊದಲ ಓದುಗ’, ಮುಖದ ಜಾಗದಲ್ಲಿ ಒಂದು ದಾಸವಾಳ. ನನ್ನ ಪ್ರತಿಯೊಂದು ಮಾತನ್ನೂ ಹತ್ತಾರು ಗುಂಪುಗಳಿಗೆ ಹಂಚಿದ. ಕುಹಕವಾಡಿದವರಿಗೆ ನನ್ನ ಪರವಾಗಿ ಉತ್ತರ ಕೊಟ್ಟ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ನಿನಗೆ ಓದಿ ಓದಿ ಹೇಳುತ್ತಿದ್ದೆ, ನೆನಪಿರಬೇಕು. ದೇವರಂಥ ಓದುಗ ಅಂತ ನೀನೂ ಅಂದಿದ್ದೆ. ಮೇಜಿನ ಚಿತ್ರ ಹಾಕಿದಾಗ ಗೋಡೆಯ ಮೊಳೆಗೆ ಪಿಟೀಲಿನ ಹಳದಿ ಸ್ವೆಟರ್ ತೂಗುತ್ತಿತ್ತು. ಮನೆಯಲ್ಲಿ ಮಗು ಇದೆಯಾ ಅಂತ ಕೇಳಿದ. ನಾನು ಹಲ್ಲು ಕಿರಿದುಕೊಂಡು, ಅಕ್ಕನ ಮಗಳು ಎಂದು ಬರೆದೆ.

ಕಳೆದ ತಿಂಗಳು, ಅತಿ ಹೆಚ್ಚು ಜನರಿಗೆ ಹಂಚಿದವರಿಗೆ ಸಹಿ ಮಾಡಿದ ಪ್ರತಿ ಉಚಿತ ಎಂದು ಸಾರಿದೆ. ಅದೂ ಮೇಷ್ಟ್ರ ಪಾಠವೇ. ಗೆದ್ದವನು ಯಾರೆಂದು ಹೇಳಬೇಕಾಗಿಲ್ಲ. ಪ್ರಕಾಶಕರಿಂದ ಕಳಿಸಬೇಡಿ, ನಿಮ್ಮ ಕೈಯಿಂದಲೇ ಬರಬೇಕು ಅಂದ, ಯಾವುದೋ ಅಂಗಡಿಯ ವಿಳಾಸ ಕೊಟ್ಟ. ಅಂಚೆ ಕಚೇರಿಯಲ್ಲಿ ಪೊಟ್ಟಣ ಕೊಟ್ಟರೆ, ಕಳಿಸುವವರ ವಿಳಾಸ ಇಲ್ಲದೆ ತಗೊಳಲ್ಲ ಎಂದು ಗುಮಾಸ್ತೆ ಹಿಂದಕ್ಕೆ ತಳ್ಳಿದಳು. ಹಿಂದೆ ಉದ್ದ ಸಾಲಿತ್ತು. ಅವಳ ಪೆನ್ನನ್ನೇ ಇಸಿದುಕೊಂಡು ನಮ್ಮ ಮನೆಯ ವಿಳಾಸ ಬರೆದುಕೊಟ್ಟೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ, ಅಕ್ಕ. ಅಂಚೆ ಕಚೇರಿಯಿಂದ ಹಾಡು ಗುನುಗುತ್ತಾ ಮನೆಗೆ ಬಂದೆ.

ಸೋಮವಾರ ಅವನು ಧನ್ಯವಾದದ ಚಿತ್ರ ಹಾಕಿದ. ತೆರೆದ ಪುಸ್ತಕ, ಪುಟದ ಅಂಚಿನಲ್ಲಿ ಅವನ ಹೆಬ್ಬೆರಳು. ಉಗುರು ಉದ್ದಕ್ಕೂ ಸೀಳಿತ್ತು. ಆ ಕೈಗೆ ನಾನು ಎಷ್ಟು ಸಲ ಅನ್ನ ಬಡಿಸಿದ್ದೇನೆ, ಭಾವ ಭಾವ ಎನ್ನುತ್ತಾ. ಪುಟದಲ್ಲಿ ಒಂದೇ ಸಾಲಿಗೆ ಗೆರೆ ಎಳೆದಿದ್ದ: ‘ಆ ಮನೆಯ ಮಲಗುವ ಕೋಣೆಗೆ ಚಿಲಕ ಹೊರಗಡೆಗಿತ್ತು.’ ಪಕ್ಕದಲ್ಲಿ ಪೆನ್ಸಿಲಿನಿಂದ, ಸುಳ್ಳು ಎಂದು ಬರೆದಿದ್ದ. ಕೆಳಗೆ ಓದುಗರೆಲ್ಲ ಚಪ್ಪಾಳೆ ಒತ್ತಿದ್ದರು. ಲೇಖಕಿಯನ್ನೂ ಅವರ ಮನೆಯವರನ್ನೂ ಖುದ್ದಾಗಿ ಕಾಣುವ ಆಸೆ ಎಂದು ಅವನು ಅವರಿಗೆ ಉತ್ತರಿಸಿದ್ದ.

ಪೊಲೀಸ್ ಠಾಣೆಗೆ ಹೋದೆ. ಪುಸ್ತಕ ಹೊಗಳಿದೋನನ್ನ ಏನಂತ ಹಿಡಿಯೋದಮ್ಮ ಅಂತ ಕೇಳಿದರು. ದೂರು ಬರೆದುಕೊಂಡಿದ್ದಾರೆ, ನೋಡೋಣ ಎಂದಿದ್ದಾರೆ. ವಕೀಲೆಯೊಬ್ಬರು ನಾಡಿದ್ದು ಬರಲು ಹೇಳಿದ್ದಾರೆ, ನ್ಯಾಯಾಲಯದಿಂದ ಅವನನ್ನು ದೂರ ಇಡುವ ಆದೇಶ ತರಬಹುದಂತೆ. ಅಲ್ಲಿಯವರೆಗೆ ನೀನು ಬೆಟ್ಟದಿಂದ ಇಳಿಯಬೇಡ. ಫೋನಿನ ಜಾಡು ಹಿಡಿದೇ ಅವನು ಹಿಂದಿನ ಮನೆ ಹುಡುಕಿದ್ದರಿಂದ ನೀನು ಫೋನನ್ನೇ ಬಿಟ್ಟವಳು. ಅದಕ್ಕೇ ಈ ಕಾಗದವನ್ನು ಹಾಸುಬಟ್ಟೆ ಸಾಗಿಸುವ ವ್ಯಾನಿನ ಚಾಲಕನ ಮೂಲಕ ಕಳಿಸುತ್ತಿದ್ದೇನೆ. ಯಾರು ಕೇಳಿದರೂ ಎಲ್ಲಿಂದ ಬಂತೆಂದು ಹೇಳಬೇಡ.

ನಿನ್ನ ಬಗ್ಗೆ ಬರೆದೆ ಎಂದು ನನಗೆ ಬೇಸರವಿಲ್ಲ. ಆ ಸಾಲು ನಿಜ. ಅದನ್ನು ಹತ್ತು ಜನ ಓದಲಿ ಎಂಬ ಆಸೆ ಈಗಲೂ ಹೋಗಿಲ್ಲ, ಹೊಡೆಯಬೇಕೆನಿಸಿದರೆ ಹೊಡೆ. ಮಗಳಿಗೆ ನನ್ನ ಮುತ್ತು. ಸೋಪಿನ ನೀರಿಗೆ ಕೈ ಬಿರಿಯುತ್ತದೆ, ಎಣ್ಣೆ ಹಚ್ಚಿಕೊಂಡು ಮಲಗು.

ನಿನ್ನ ಬೆನ್ನಿಗೆ ಬಿದ್ದವಳು,
ತಂಗಿ

ತಾ.ಕ.: ಕಾಗದ ಇನ್ನೂ ಹೋಗಿಲ್ಲ, ಈಗ ಸಂಜೆ. ಗೆಳತಿಯ ಮನೆಯಲ್ಲಿದ್ದೇನೆ ಎಂದದ್ದು ಸುಳ್ಳು ಅಕ್ಕ, ನಾನು ನಮ್ಮ ಮನೆಯಲ್ಲೇ ಇದ್ದೇನೆ. ನಿನ್ನೆಯಿಂದ ಅವನು ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾನೆ. ನಾನು ಬೀಗ ಹಾಕಿ ಹೋದರೆ ಅವನು ನಿನ್ನನ್ನು ಹುಡುಕುತ್ತಾ ಊರೆಲ್ಲ ವಿಚಾರಿಸುತ್ತಾನೆ, ಯಾರಾದರೂ ಬೆಟ್ಟದ ದಾರಿ ತೋರಿಸುತ್ತಾರೆ. ಆದ್ದರಿಂದ ನೀವಿಬ್ಬರೂ ಇಲ್ಲೇ ಇದ್ದೀರಿ ಎನ್ನುವ ಹಾಗೆ ಮಹಡಿಯ ದೀಪ ಹಚ್ಚುತ್ತೇನೆ, ಮೂರು ತಟ್ಟೆಯ ಚಿತ್ರ ಹಾಕುತ್ತೇನೆ. ಕಾಗದವನ್ನು ಹಿತ್ತಲ ಗೋಡೆಯ ಮೇಲಿಂದ ದರ್ಜಿ ಹೆಂಗಸಿಗೆ ಕೊಡುತ್ತೇನೆ, ಅವಳು ಚಾಲಕನಿಗೆ ಮುಟ್ಟಿಸುತ್ತಾಳೆ. ಈಗಷ್ಟೇ, ಅಕ್ಕನ ಮಗಳು ಮಲಗಿದ್ದಾಳೆ, ಸದ್ದಿಲ್ಲದೆ ಬರೆಯುತ್ತಿದ್ದೇನೆ ಎಂದು ಒಂದು ಪೋಸ್ಟ್ ಹಾಕಿ, ಪರದೆಯ ಸಂದಿಯಿಂದ ನೋಡಿದೆ. ಅವನು ಜೇಬಿನಿಂದ ಫೋನ್ ತೆಗೆದು ಓದಿದ, ಹೆಬ್ಬೆರಳು ಒತ್ತಿದ, ತಲೆಯೆತ್ತಿ ಮಹಡಿಯ ಕಿಟಕಿ ನೋಡಿದ. ನನ್ನ ಕೈಯಲ್ಲಿದ್ದ ಫೋನ್ ಟಿಣ್ ಎಂದಿತು. ಮೊದಲ ಓದುಗನಿಗೆ ಇಷ್ಟವಾಯಿತಂತೆ.