ಹನ್ನೊಂದನೆಯ ತೂತು

ಜೇವರ್ಗಿ
ಭಾನುವಾರ, 16 ಫೆಬ್ರವರಿ 2025

ನನ್ನ ಮುದ್ದು ಮಿನಾಜಳಿಗೆ, ಅಮ್ಮಿಯ ಮನಸಾರೆ ದುವಾ.

ಈ ಕಾಗದವನ್ನು ನಜಮುನ್ನಿಸಾ ಖಾಲಾ ನಿನ್ನ ಕೈಗೆ ಕೊಟ್ಟಾಗ ನೀನು ಓದದೇ ಹರಿದುಹಾಕದಿದ್ದರೆ ಸಾಕು. ನನ್ನ ಅಕ್ಕ ಬಲು ಗಟ್ಟಿಗಿತ್ತಿ, ನಿನ್ನ ಎದುರಿಗೆ ಕೂತು ಓದಿಸಿಯೇ ಏಳುತ್ತಾಳೆ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೊನ್ನೆ ಒಮ್ಮೆ ಎತ್ತಿದೆ, ನಾನು "ಬೇಟಾ" ಅನ್ನುವಷ್ಟರಲ್ಲಿ ಕಟ್ಟಾಯಿತು. ಅಷ್ಟು ಹೊತ್ತು ನಿನ್ನ ಉಸಿರು ಕೇಳಿಸಿತಲ್ಲ ಎಂದು ದಿನವಿಡೀ ಅದನ್ನೇ ನೆನೆದೆ. ಅಮ್ಮಿ ಬೈಯುವುದು ಉರ್ದುವಿನಲ್ಲಿ, ಪಾಠ ಹೇಳುವುದು ಕನ್ನಡದಲ್ಲಿ ಎಂದು ನೀನು ನನ್ನನ್ನು ಆಡಿಕೊಳ್ಳುತ್ತಿದ್ದೆ. ಇದು ಕನ್ನಡದಲ್ಲಿದೆ, ಆದರೆ ಪಾಠವಲ್ಲ. ಪಾಠ ಹೇಳುವ ಯೋಗ್ಯತೆ ನನಗೀಗ ಇಲ್ಲ.

ಷಬೆ ಬರಾತ್ ಮುಗಿದು ಎರಡು ದಿನವಾಯಿತು. ಗೊತ್ತಲ್ಲ, ಆ ಹಬ್ಬದ ಮುಂಚೆ ಎಲ್ಲರೂ ಎಲ್ಲರಿಗೂ ಫೋನಿನಲ್ಲಿ ಮಾಫಿ ಕೇಳುವ ಸಂದೇಶ ಕಳಿಸುತ್ತಾರೆ: ತಿಳಿದೋ ತಿಳಿಯದೆಯೋ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಅಂತ. ನಾನೂ ಕಳಿಸಿದೆ. ನಮ್ಮ ಶಾಲೆಯ ಹೆಡ್‌ಮಾಸ್ತರರಿಗೆ, ಹಾಲಿನವಳಿಗೆ, ಹತ್ತು ವರ್ಷದಿಂದ ಮಾತಿಲ್ಲದ ನಿನ್ನ ಅಬ್ಬಾನ ಚಿಕ್ಕಮ್ಮನಿಗೂ ಕಳಿಸಿದೆ. ನಿನ್ನ ಹೆಸರಿನ ಹತ್ತಿರ ಬಂದಾಗ ಬೆರಳು ಏಳಲಿಲ್ಲ. ಊರಿಗೆಲ್ಲ ಹಂಚಿದ ಸಂದೇಶವನ್ನು ನಿನಗೆ ಹೇಗೆ ಕಳಿಸಲಿ? ಅದರಲ್ಲೂ "ತಿಳಿಯದೆ" ಎಂಬ ಮಾತಿದೆ. ನಾನು ಮಾಡಿದ್ದು ತಿಳಿದೇ ಮಾಡಿದ್ದು.

ಅಫಜಲಪುರದ ಆ ಭಾನುವಾರದ ಬಗ್ಗೆ ನಾನು ಎಲ್ಲರಿಗೂ ಒಂದೇ ಮಾತು ಹೇಳಿಕೊಂಡು ಬಂದಿದ್ದೇನೆ. ನಿನ್ನ ಅಬ್ಬಾನಿಗೂ ಅದನ್ನೇ ಹೇಳಿದೆ. "ಆ ಹೊತ್ತಿನ್ಯಾಗ ನಾನು ಚೀಲದಾಗ ನೀರಿನ ಬಾಟ್ಲಿ ಹುಡುಕಾಕತ್ತಿದ್ದೆ, ನನಗೇನೂ ಕಂಡಿಲ್ಲ" ಅಂತ. ಅವರು ಬಸ್ಸು ಓಡಿಸುವವರು, ಕನ್ನಡಿಯಲ್ಲಿ ಹಿಂದಿನ ಸೀಟಿನವರ ಮುಖ ಓದಿ ಅಭ್ಯಾಸವಾದವರು. ನನ್ನನ್ನು ಒಮ್ಮೆ ನೋಡಿ ಊಟಕ್ಕೆ ಕೂತರು.

ಬಾಟಲಿ ನನ್ನ ಕೈಯಲ್ಲೇ ಇತ್ತು ಮಿನ್ನು. ನನಗೆ ಎಲ್ಲವೂ ಕಂಡಿತು.

ಬಂದೂಕು ಪಂದ್ಯದ ಮೂರು ಗುರಿ ಕಾರ್ಡು ಮುಗಿದಾಗ ಅಫಜಲಪುರದ ನಿನ್ನ ಗೆಳತಿ ಜಯಮಾಲಾ ನಿನಗಿಂತ ಎರಡು ಅಂಕ ಮುಂದಿದ್ದಳು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಿಂದ ರಾಜ್ಯಮಟ್ಟಕ್ಕೆ ಹೋಗುವವಳು ಒಬ್ಬಳೇ. ಉಳಿದದ್ದು ಕೊನೆಯ ಕಾರ್ಡು, ಹತ್ತು ಗುಂಡು. ಆ ಹತ್ತಿ ಗೋದಾಮಿನ ತಗಡಿನ ಕೆಳಗೆ ನೀವಿಬ್ಬರೂ ಅಕ್ಕಪಕ್ಕ ನಿಂತಿದ್ದಿರಿ, ನೀನು ನಾಲ್ಕನೇ ಸಾಲು, ಅವಳು ಐದನೇ ಸಾಲು. ಆರನೇ ಗುಂಡು ಹೊಡೆದು ನೀನು ಬಂದೂಕು ಇಳಿಸಿದೆ, ಅಂಗೈ ಒರೆಸಿಕೊಂಡೆ, ಮತ್ತೆ ಎತ್ತಿದೆ. ಎತ್ತುವಾಗ ನಿನ್ನ ಬಲಗಾಲು ಒಂದು ಬೆರಳಿನಷ್ಟು ಸರಿದಿತ್ತು. ಆರು ವರ್ಷ ಗೋಡೆಗೆ ಕಾಡಿಗೆಯ ಬೊಟ್ಟು ಇಟ್ಟು, ನೀನು ಅದಕ್ಕೆ ಗುರಿ ಹಿಡಿದು ನಿಲ್ಲುವುದನ್ನು ಹಿಂದೆ ಕೂತು ನೋಡಿದವಳು ನಾನು. ನಿನ್ನ ಕಾಲು ಸರಿದರೆ ನನಗೆ ತಿಳಿಯುವುದಿಲ್ಲವೇ? ಗುಂಡು ಹೋದದ್ದು ಜಯಮಾಲಾಳ ಕಾರ್ಡಿಗೆ.

ನೀನು ದುರ್ಬೀನಿನಲ್ಲಿ ನೋಡಿದೆ. ನಿನ್ನ ಕಾರ್ಡಿನಲ್ಲಿ ಹೊಸ ತೂತು ಇಲ್ಲ. ನಿನ್ನ ಕುತ್ತಿಗೆ ಕೆಂಪಾಯಿತು. ಎಡಗೈ ಅರ್ಧ ಮೇಲೆ ಎದ್ದಿತು. ಕೈ ಎತ್ತಿ ಹೇಳಿದರೆ ಆ ಗುಂಡು ನಿನಗೆ ಸೊನ್ನೆ, ಪಂದ್ಯ ಅಲ್ಲಿಗೇ ಹೋಯಿತು. ಆದರೂ ನೀನು ಎತ್ತುತ್ತಿದ್ದೆ. ಎತ್ತುವ ಮುಂಚೆ ಒಮ್ಮೆ ಹಿಂದಿರುಗಿ ನನ್ನನ್ನು ನೋಡಿದೆ.

ನಾನು ಬೇಡ ಎಂದು ತಲೆಯಾಡಿಸಿದೆ.

ಅಷ್ಟೇ. ಅದಕ್ಕಿಂತ ದೊಡ್ಡದೇನೂ ಅಲ್ಲ. ತರಗತಿಯಲ್ಲಿ ದಿನಕ್ಕೆ ನೂರು ಸಲ ಹಾಗೆ ತಲೆಯಾಡಿಸುತ್ತೇನೆ. ನೀನು ಕೈ ಇಳಿಸಿದೆ, ಬಂದೂಕು ಎತ್ತಿದೆ, ಉಳಿದ ಮೂರು ಗುಂಡು ಹೊಡೆದೆ.

ಆಮೇಲೆ ಶಂಕರಲಿಂಗ ಸರ್ ಕಾರ್ಡು ಎಣಿಸಲು ಕೂತರು. ಜಯಮಾಲಾಳ ಕಾರ್ಡಿನಲ್ಲಿ ಹನ್ನೊಂದು ತೂತು, ನಿನ್ನದರಲ್ಲಿ ಒಂಬತ್ತು. ಆಳಂದದ ಆ ಮನುಷ್ಯ ಇಪ್ಪತ್ತು ವರ್ಷದಿಂದ ಕಾರ್ಡು ಎಣಿಸುತ್ತಿದ್ದಾರೆ, ಅವರಿಗೆ ನೋಡಿದ ಕೂಡಲೇ ತಿಳಿದಿರಬೇಕು. ಮೂರು ಸಲ ಕೇಳಿದರು, "ಯಾರರೆ ಬಾಜೂ ಕಾರ್ಡಿಗೆ ಹೊಡದೀರೇನವಾ? ಹೇಳ್ರಿ, ಹೇಳಿದ್ರ ಏನೂ ಆಗಂಗಿಲ್ಲ" ಅಂತ. ಜಯಮಾಲಾ "ನಾ ಹತ್ತೇ ಹೊಡದೇನ್ರಿ ಸರ" ಅಂದಳು. ನೀನು ನೆಲ ನೋಡುತ್ತಿದ್ದೆ. ನೀನು ಬಾಯಿ ತೆರೆದುಬಿಡುತ್ತೀ ಎಂದು ನನಗೆ ಭಯವಾಯಿತು. ನಾನೇ ಎದ್ದು ಹೋಗಿ, ನಿನ್ನ ಕಾರ್ಡಿನ ನಡುವೆ ಹರಿದು ಅಗಲವಾಗಿದ್ದ ತೂತಿನ ಮೇಲೆ ಬೆರಳಿಟ್ಟು, "ಒಂದೇ ತೂತಿನ್ಯಾಗ ಎರಡು ಹೋಗ್ಯಾವ್ರಿ ಸರ, ನೋಡ್ರಿ ಎಷ್ಟು ಅಗಲ ಆಗ್ಯದ" ಅಂದೆ. ಕನ್ನಡ ಟೀಚರ್ ಅಲ್ಲವೇ, ದನಿ ಗಟ್ಟಿಯಾಗಿಯೇ ಬಂತು.

ಅವರು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಆಡಿದೋರು ಹೇಳಬೇಕ್ರಿ ಟೀಚರ, ನಾ ಪೊಲೀಸ ಅಲ್ಲ" ಅಂದರು. ಯಾರೂ ಒಪ್ಪಿಕೊಳ್ಳದಿದ್ದರೆ ನಿಯಮ ಇರುವುದೇ ಹಾಗೆ: ಹನ್ನೊಂದು ತೂತಿನ ಕಾರ್ಡಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಗುಂಡನ್ನು ತೆಗೆದುಹಾಕಿದರು, ಹೆಚ್ಚಿಗೆ ಹೊಡೆದಳೆಂದು ಇನ್ನೆರಡು ಅಂಕ ಕತ್ತರಿಸಿದರು. ನಿನ್ನ ಕಾರ್ಡಿನ ಅಗಲ ತೂತನ್ನು ಎರಡು ಗುಂಡು ಎಂದೇ ಎಣಿಸಿದರು. ನೀನು ಮೂರು ಅಂಕದಿಂದ ಗೆದ್ದೆ. ನಮ್ಮ ಕಡೆಯಿಂದ ಬಂದಿದ್ದವರು "ಹನ್ನೊಂದು, ಹನ್ನೊಂದು" ಎಂದು ಆ ಹುಡುಗಿಯನ್ನು ಕೂಗಿ ನಕ್ಕರು. ಹಿಂದಿನಿಂದ ಯಾರೋ "ಕಳ್ಳಿ" ಅಂದರು. ನಾನು ಅನ್ನಲಿಲ್ಲ. ಆದರೆ ಚಪ್ಪಾಳೆ ಹೊಡೆದೆ ಮಿನ್ನು, ಎಲ್ಲರಿಗಿಂತ ಜೋರಾಗಿ ಹೊಡೆದೆ.

ಅದಕ್ಕಿಂತ ಕೆಟ್ಟದ್ದು ಆಮೇಲಿನದು. ನಿಮ್ಮ ಪದ್ಧತಿಯಂತೆ ಪಕ್ಕದ ಸಾಲಿನವರು ಒಬ್ಬರ ಕಾರ್ಡಿಗೆ ಇನ್ನೊಬ್ಬರು ಸಾಕ್ಷಿ ಸಹಿ ಹಾಕಬೇಕು. ಜಯಮಾಲಾ ನಿನ್ನ ಕಾರ್ಡಿಗೆ ಸಹಿ ಹಾಕಿದಳು. ನಿನ್ನ ಮುಂದೆ ಅವಳ ಕಾರ್ಡು ಬಂತು, ಕೆಂಪು ಪೆನ್ನಿನಲ್ಲಿ ಹನ್ನೊಂದು ಎಂದು ಬರೆದು ಸುತ್ತು ಹಾಕಿದ್ದರು. ನೀನು ಪೆನ್ನು ಹಿಡಿದು ನಿಂತೆ. ಎಂಟನೇ ತರಗತಿಯಿಂದ ಒಂದೇ ಡಬ್ಬಿಯಲ್ಲಿ ಉಂಡವರು ನೀವು. ಪಂದ್ಯ ಎಲ್ಲೇ ಇರಲಿ, ಅವಳು ತಂದ ಶೇಂಗಾ ಹಿಂಡಿ ನಿನಗೆ, ನನ್ನ ಖೀಮಾ ಸಮೋಸ ಬೇಡವೆಂದು ಬರಿ ಖಜೂರ ಅವಳಿಗೆ. ಆ ಹುಡುಗಿ ಹೆಚ್ಚಿಗೆ ಹೊಡೆದಿದ್ದಾಳೆ ಎಂದು ನೀನು ಸಹಿ ಹಾಕಿದೆ. ಅಕ್ಷರ ವಾಲಿಹೋಗಿತ್ತು. ಅದನ್ನೂ ನಾನು ನೋಡಿದೆ.

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳಿದ್ದೆ. ಹೇಳುತ್ತೇನೆ. ನಮ್ಮ ಓಣಿಯಲ್ಲಿ "ಹೆಣ್ಣುಮಗಳ ಕೈಗೆ ಬಂದೂಕು ಕೊಟ್ಟಾಳ" ಎಂದು ಆಡಿಕೊಂಡವರ ಬಾಯಿಗಳು ಮುಚ್ಚಬೇಕಿತ್ತು. ಸೊಕ್ಕು, ಅಷ್ಟೇ. ನಿನಗಾಗಿ ಮಾಡಿದೆ ಎಂದು ಆರು ವಾರ ನನಗೆ ನಾನೇ ಹೇಳಿಕೊಂಡೆ. ನಿನಗಾಗಿ ಆಗಿದ್ದರೆ ನೀನು ಬಸ್ಸಿನಲ್ಲಿ ಗೆದ್ದ ಕಪ್ಪನ್ನು ಸೀಟಿನ ಕೆಳಗೆ ತಳ್ಳಿ ಕಿಟಕಿಯ ಕಡೆ ತಿರುಗಿ ಕೂತಾಗ ನಾನು ಪಕ್ಕದವರಿಗೆ ಪೇಡಾ ಹಂಚುತ್ತಿರಲಿಲ್ಲ.

ಆ ವಾರವೇ ನೀನು ರಾಜ್ಯಮಟ್ಟದ ಪಟ್ಟಿಯಿಂದ ಹೆಸರು ವಾಪಸು ತೆಗೆದುಕೊಂಡೆ. ಅಡುಗೆಮನೆಯಲ್ಲಿ ಜಗಳವಾಯಿತು. "ಅಮ್ಮಿ, ನೀವು ಬ್ಯಾಡ ಅಂತ ತಲಿ ಅಲ್ಲಾಡಿಸಿದ್ರಿ" ಅಂದೆ. ಆಗ ನಾನು ಆ ಮಾತು ಅಂದೆ. ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಗುಂಡು ಹೊಡದಾಕಿ ನೀನು, ನಾನಲ್ಲ" ಅಂದೆ. ನೀನು ಅಳಲಿಲ್ಲ. ಬಟ್ಟೆ ತುಂಬಿಕೊಂಡು ಕಲಬುರಗಿಗೆ ಖಾಲಾನ ಮನೆಗೆ ಹೊರಟೆ. ನಾನು ತಡೆಯಲಿಲ್ಲ, ಎರಡು ದಿನಕ್ಕೆ ತಿರುಗಿ ಬರುತ್ತಾಳೆ ಎಂದುಕೊಂಡೆ. ಎರಡು ದಿನ ಆರು ವಾರವಾಯಿತು. ನಿನ್ನ ಬಂದೂಕು ಚೀಲದಲ್ಲೇ ಇದೆ. ಗೋಡೆಯ ಮೇಲಿನ ಬೊಟ್ಟನ್ನು ನಿನ್ನ ಅಬ್ಬಾ ಒರೆಸಲು ಬಿಟ್ಟಿಲ್ಲ.

ಈಗ ಒಂದು ಒಳ್ಳೆಯ ಸುದ್ದಿ. ಹೋದ ಭಾನುವಾರ ಅಫಜಲಪುರಕ್ಕೆ ಹೋಗಿ ಬಂದೆ. ಜಯಮಾಲಾಳ ಮನೆಯಲ್ಲಿ ಅವಳ ತಾಯಿ ನಿಂಬೆವ್ವನ ಮುಂದೆ ಕೂತು, ತಲೆಯಾಡಿಸಿದ್ದು, ಒಂದೇ ತೂತಿನಲ್ಲಿ ಎರಡು ಎಂದು ಸುಳ್ಳು ಹೇಳಿದ್ದು, ಎಲ್ಲ ಒಪ್ಪಿಕೊಂಡು ಮಾಫಿ ಕೇಳಿದೆ. ಆ ತಾಯಿಯ ಮನಸ್ಸು ದೊಡ್ಡದು. ನನ್ನ ಕೈ ಹಿಡಿದುಕೊಂಡಳು. ಜಯಮಾಲಾ ಚಹಾ ಮಾಡಿ ಕೊಟ್ಟಳು. ಎಲ್ಲ ಸರಿಹೋಗಿದೆ. ನೀನು ಇನ್ನು ಆ ಭಾರ ಹೊರಬೇಕಾಗಿಲ್ಲ.

ರಮಜಾನಿಗೆ ಎರಡು ವಾರ ಉಳಿದಿದೆ. ನಿನಗೆ ಪರೀಕ್ಷೆ ಇದೆ, ಗೊತ್ತು. ಒಂದೇ ದಿನ ಬಂದು ಹೋಗು. ಬಂದೂಕು ಮುಟ್ಟಬೇಡ, ನನ್ನೊಡನೆ ಮಾತಾಡಬೇಡ, ಅಬ್ಬಾನ ಪಕ್ಕ ಕೂತು ಒಂದು ರೊಟ್ಟಿ ತಿಂದು ಹೋಗು. ನಾನು ಒಳಗಿರುತ್ತೇನೆ.

ನೀನು ಹಿಂದಿರುಗಿ ನೋಡಿದಾಗ ಎದುರಿಗಿರಬಾರದಾಗಿದ್ದ
ನಿನ್ನ ಅಮ್ಮಿ,
ಫರಹತ

ಮರೆತಿದ್ದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ: ಲಕೋಟೆ ಅಂಟಿಸಿದ್ದೆ, ಒಡೆದು ಬರೆಯುತ್ತಿದ್ದೇನೆ. ಅಫಜಲಪುರಕ್ಕೆ ಹೋದದ್ದು ನಿಜ. ಮಾಫಿ ಕೇಳಿದ್ದು ನಿಜವಲ್ಲ.

ನಾನು "ಆ ದಿನ ತಪ್ಪಾಯ್ತು ನಿಂಬೆವ್ವಾ" ಎಂದು ಶುರು ಮಾಡಿದ್ದೆ. ಅವಳು ಮುಂದಕ್ಕೆ ಬಿಡಲಿಲ್ಲ. "ನೀವ್ಯಾಕ ತಪ್ಪ ಅಂತೀರಿ ಟೀಚರಬಾಯಿ? ನಿಮ್ಮ ಮಗಳು ಮರುದಿನಾನೇ ಬಂದು ನಮ್ಮ ಮುಂದ ಎಲ್ಲಾ ಹೇಳ್ಯಾಳ. 'ನಾನೇ ಹೊಡದೇನಿ, ನಾನೇ ಸುಮ್ಮನಿದ್ದೆ, ನಮ್ಮ ಅಮ್ಮಿ ಏನೂ ನೋಡಿಲ್ಲ, ಖರೇನೇ ಒಂದು ತೂತಿನ್ಯಾಗ ಎರಡು ಹೋಗ್ಯಾವಂತ ತಿಳಕೊಂಡು ಹೇಳ್ಯಾರ' ಅಂದ್ಲು. ಅಮ್ಮಿಗಿ ಹೇಳಬ್ಯಾಡ್ರಿ, ಎದಿ ಒಡಕೋತಾರ ಅಂತ ನನ್ನ ಕಾಲು ಹಿಡದ್ಲು" ಅಂದಳು. ಟ್ಯೂಷನ್ನಿಗೆಂದು ಹೋದವಳು ನೀನು ಅಲ್ಲಿಗೆ ಹೋಗಿದ್ದೆ ಎಂದು ನನಗೆ ಆಗಲೇ ತಿಳಿದದ್ದು. ಜಯಮಾಲಾ ಬಾಗಿಲಲ್ಲಿ ನಿಂತು, "ನಾ ಆಕಿನ್ನ ಮಾಫ ಮಾಡೇನ್ರಿ, ಆದ್ರ ಮದಲಿನಂಗ ಮಾತಾಡಾಕ ಆಗಂಗಿಲ್ರಿ" ಅಂದಳು.

ಆಮೇಲೆ ನಿಂಬೆವ್ವ ನನ್ನ ಮುಖ ನೋಡಿ ಕೇಳಿದಳು, "ನಿಮಗ ಖರೇನೇ ಗೊತ್ತಿದ್ದಿಲ್ಲಲ್ರಿ?" ಅಂತ.

ನಾನು ಇಲ್ಲ ಎಂದು ತಲೆಯಾಡಿಸಿದೆ, ಮಿನ್ನು. ಚಹಾ ಕುಡಿದು ಬಂದೆ. ಆ ಮನೆಯಲ್ಲಿ ನಾನು ಇವತ್ತಿಗೂ ಒಳ್ಳೆಯವಳು, ಮೋಸ ಮಾಡಿದವಳು ನೀನು.