ಬೈಯದೆ ಮಾತಾಡಿದ್ದಕ್ಕೆ

ಹಂಗಾರಕಟ್ಟೆ
೮ ನವೆಂಬರ್ ೨೦೨೫, ಶನಿವಾರ

ಮಗ ಶೈಲೇಶನಿಗೆ, ಅಮ್ಮ ಮುತ್ತು ಬರೆಯುವುದು.

ಹೇಗಿದ್ದಿ ಮಗಾ? ಹೊಟ್ಟೆಗೆ ಏನಾದರೂ ಸಿಗುತ್ತದಾ? ಬಂದರಿನಲ್ಲಿ ಸಿಕ್ಕಿಬಿದ್ದ ನಿಮ್ಮ ಹಡಗಿನಲ್ಲಿ ಅಕ್ಕಿ ಮುಗಿದು ಬರೀ ಬೇಳೆ ಬೇಯಿಸಿಕೊಂಡು ಕುಡಿಯುತ್ತಿದ್ದೀರಿ ಎಂದು ನಿನ್ನ ಜೊತೆಗಿದ್ದ ರತನ್ ಬಂದು ಹೇಳಿದ. ನಿನಗೆ ಚಿಕ್ಕಂದಿನಿಂದ ಬೇಳೆ ಆಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಶುಂಠಿ ಇದ್ದರೆ ಹಾಕಿಕೊ, ಇಲ್ಲದಿದ್ದರೆ ಮೇಲಿಂದ ಬಿಸಿನೀರು ಕುಡಿ. ಎಡಗೈ ಬೆರಳು ಹಗ್ಗಕ್ಕೆ ಸಿಕ್ಕಿ ಗಾಯವಾಗಿತ್ತಂತೆ, ಮಾಗಿತಾ? ಉಪ್ಪುನೀರಿಗೆ ಹಾಕಬೇಡ. ಇಲ್ಲಿ ನಾವು ಮೂವರೂ ಸುಖವಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಮೀನಿನ ಬುಟ್ಟಿ ಹೊತ್ತು ಚಡಾವು ಹತ್ತುವಾಗ ನನ್ನನ್ನು ಬೈಯುತ್ತದೆ, ನಾನೂ ವಾಪಸು ಬೈಯುತ್ತೇನೆ. ಈ ವಾರ ಒಳ್ಳೆಯ ಬಂಗುಡೆ ಬಂದಿದೆ. ಸಾರು ಮಾಡಿದ ದಿನ ನಿನ್ನ ಹೆಂಡತಿ ನವ್ಯಶ್ರೀ ಒಂದು ತುಂಡು ತಿಂದು ಬಟ್ಟಲು ದೂಡುತ್ತಾಳೆ. ನಾನು ಹೇಳಿ ಹೇಳಿ ಸಾಕಾಯಿತು. ನೀನು ಬಂದು ಹೇಳು.

ಈ ಕಾಗದ ಅಂಚೆಯಲ್ಲಿ ಬರುವುದಲ್ಲ. ನೀನಿರುವ ದೇಶಕ್ಕೆ ನಾಲ್ಕು ತಿಂಗಳಿಂದ ಅಂಚೆ ಇಲ್ಲ, ಫೋನು ಇಲ್ಲ, ಇಂಟರ್‌ನೆಟ್ಟೂ ಇಲ್ಲ. ದೇಶದ ಹೆಸರು ಬರೆಯುವುದಿಲ್ಲ, ದಾರಿಯಲ್ಲಿ ಯಾರಾದರೂ ಒಡೆದು ಓದಿದರೆ ರತನನಿಗೆ ತೊಂದರೆ. ನಿಮ್ಮಂಥವರನ್ನು ಕರೆತರಲು ಎರಡನೇ ಹಡಗು ಹೊರಡುತ್ತದೆ. ಮೊದಲ ಹಡಗಿನಲ್ಲಿ ಬಂದ ರತನನನ್ನೇ ಬಂದರಿನ ದಾರಿ ತೋರಿಸುವುದಕ್ಕೆ ವಾಪಸು ಕರೆದಿದ್ದಾರೆ. ನಾವುಂದದ ಹುಡುಗ, ಮನೆಗೆ ಬಂದು ತಿಂಗಳಾಗಿದೆಯಷ್ಟೆ, ಕರೆದ ಕೂಡಲೇ ಹೂಂ ಎಂದ. ಆದರೆ ಅವನು ಅಲ್ಲಿ ದಡಕ್ಕೆ ಇಳಿಯುವ ಹಾಗಿಲ್ಲ. ನೀನು ಹಡಗು ಹತ್ತಿದರೆ ಈ ಕಾಗದ ನಿನಗೆ. ಹತ್ತದಿದ್ದರೆ ಅವನು ಇದನ್ನು ಹೀಗೆಯೇ ತಂದು ನನ್ನ ಕೈಯಲ್ಲಿಡುತ್ತಾನೆ. ನನ್ನ ಕಾಗದ ನನಗೆ ಬೇಡ.

ರತನ್ ಬಂದ ದಿನ ನಾನು ಅವನ ಹಿಂದೆ ನೀನಿದ್ದೀ ಎಂದು ರಿಕ್ಷಾದ ಒಳಗೆ ಬಗ್ಗಿ ನೋಡಿದೆ. ಅವನೊಬ್ಬನೇ ಇದ್ದ. ಜಗಲಿಯಲ್ಲಿ ಕುಳಿತು ಎರಡು ಲೋಟ ನೀರು ಕುಡಿದು ಎಲ್ಲ ಹೇಳಿದ. ಬಂದರಿನ ಪೊಲೀಸರು ಎಲ್ಲರ ಮೊಬೈಲು ಕಿತ್ತುಕೊಂಡದ್ದು, ನೀವು ನಿನ್ನ ಅಪ್ಪನ ರೇಡಿಯೋವನ್ನು ಖಾಲಿ ಅಕ್ಕಿ ಡ್ರಮ್ಮಿನಲ್ಲಿ ಅಡಗಿಸಿದ್ದು, ಸಂಜೆ ತಾಮ್ರದ ತಂತಿ ಎಳೆದು ಕಟ್ಟಿ ಹನ್ನೊಂದು ಜನ ತಲೆಗೆ ತಲೆ ಕೊಟ್ಟು ಪರದೇಶದ ಸ್ಟೇಶನ್ನಿನ ಹಿಂದಿ ವಾರ್ತೆ ಕೇಳುವುದು. ಅಲ್ಲಿನ ಸರ್ಕಾರ ಅದರ ಮೇಲೆ ಮರದ ಮಿಲ್ಲಿನ ಗರಗಸದ ಹಾಗೆ ಸದ್ದು ಬಿಡುತ್ತದಂತೆ. ಅದೂ ಸಾಲದು ಎಂದು ಪಕ್ಕದಲ್ಲೇ ಒಂದು ಕಳ್ಳ ಸ್ಟೇಶನ್ನು, ಅದೇ ಸಂಗೀತ, ಅದೇ ನಮಸ್ಕಾರ, ಒಳಗೆ ಬರೀ ಸುಳ್ಳು. ಆ ಕಳ್ಳ ಸ್ಟೇಶನ್ನಿನಲ್ಲಿ ಒಂದು ದಿನ ನಿಮ್ಮ ಅಡುಗೆಯವನ ತಾಯಿಯ ಮಾತು ಬಂತಂತೆ, ಹಡಗು ಬಂದಿದೆ, ಹೊರಟು ಬಾ ಮಗನೇ ಎಂದು. ಅವನು ಹೊರಟ. ಗೇಟಿನಲ್ಲೇ ಹಿಡಿದರು. ಆಮೇಲೆ ಅವನ ಸುದ್ದಿಯೇ ಇಲ್ಲ.

ಇದೆಲ್ಲ ಸೆಪ್ಟೆಂಬರಿನಲ್ಲಿ ನನಗೆ ಗೊತ್ತಿರಲಿಲ್ಲ. ಆಗ ಗೊತ್ತಿದ್ದದ್ದು ಇಷ್ಟೆ. ಹಡಗು ಬರಲು ಅಲ್ಲಿನ ಸರ್ಕಾರ ಒಪ್ಪಿದೆ, ಅದನ್ನು ಜನರಿಗೆ ಹೇಳಲು ಒಪ್ಪಿಲ್ಲ. ಅಕ್ಟೋಬರ್ ಮೂರಕ್ಕೆ ಬೆಳಿಗ್ಗೆ ಹಳೇ ಕಲ್ಲಿದ್ದಲು ಜೆಟ್ಟಿಗೆ ಬಂದವರನ್ನು ಹತ್ತಿಸಿಕೊಳ್ಳುತ್ತಾರೆ. ಇದನ್ನು ನಿಮಗೆ ಮುಟ್ಟಿಸುವುದು ಆ ಪರದೇಶದ ರೇಡಿಯೋ ಮಾತ್ರ. ವಾರ್ತೆ ಮುಗಿದ ಮೇಲೆ ಹತ್ತು ನಿಮಿಷ, ಮನೆಯವರು ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸಿದ ದನಿ ಹಾಕುತ್ತಾರೆ, ಒಬ್ಬರಿಗೆ ಒಂದು ನಿಮಿಷ, ಅವರವರ ಭಾಷೆಯಲ್ಲಿ. ನವ್ಯಶ್ರೀ ಫೋನಿನ ಎದುರು ಬಾಯಿ ತೆರೆದವಳು ಅತ್ತದ್ದೇ. ಹಾಗಾಗಿ ನಾನು ಕುಳಿತೆ. ನಿನ್ನ ಮಗಳು ಮೋಕ್ಷಿತಾ ಫೋನು ಹಿಡಿದಳು. ರೇಡಿಯೋದಲ್ಲಿ ಬೈಯಬಾರದು ಅಜ್ಜಿ, ಚಂದ ಮಾಡಿ ಮಾತಾಡಬೇಕು ಎಂದು ಅವಳೇ ಹೇಳಿಕೊಟ್ಟದ್ದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಏನು ಗೊತ್ತು, ಹತ್ತನೇ ಕ್ಲಾಸಿನವಳು ಹೇಳಿದ ಹಾಗೆ ಹೇಳಿದೆ. ಪ್ರೀತಿಯ ಮಗನೇ, ನೀನಿಲ್ಲದೆ ನನಗೆ ದಿನ ಹೋಗುವುದಿಲ್ಲ, ದಯವಿಟ್ಟು ಬಂದುಬಿಡು. ಹೀಗೆಲ್ಲ. ತಾರೀಕು, ಜೆಟ್ಟಿ, ಎಲ್ಲ ಸರಿಯಾಗಿಯೇ ಹೇಳಿದ್ದೆ.

ಅದು ಗರಗಸದ ಸದ್ದನ್ನೂ ದಾಟಿ ನಿನ್ನ ಕಿವಿಗೆ ಬಂತಂತೆ. ನೀನು ಪೂರ್ತಿ ಕೇಳಿ ರೇಡಿಯೋ ಕಿವಿ ತಿರುಪಿ ಆರಿಸಿ ಹೇಳಿದೆಯಂತೆ: "ಇದ್ ನಮ್ಮಮ್ಮ ಅಲ್ಲ ಮಾರಾಯ. ನಮ್ಮಮ್ಮ ಇಷ್ಟ್ ಚಂದ ಮಾತಾಡದ್ದ್ ನಾನ್ ಹುಟ್ಟದ್ ಮೇಲೆ ಕೇಂಡದ್ದೇ ಇಲ್ಲ. ದಯವಿಟ್ಟು ಅಂಬ್ರ್ ದಯವಿಟ್ಟು!"

ರತನನ ಅಪ್ಪ ಅದೇ ದಿನ ಮಾತಾಡಿದ್ದ, ನಡುವೆ ಎಂದಿನ ಹಾಗೆ ಕೆಮ್ಮಿ ಉಗಿದದ್ದೂ ಕೇಳಿಸಿತಂತೆ. ಅದರಿಂದ ರತನ್ ನಂಬಿದ. ಬಾ ಎಂದು ನಿನ್ನ ಕೈ ಹಿಡಿದು ಎಳೆದನಂತೆ. ಒಬ್ಬರ ಹೆಸರಲ್ಲಿ ಸುಳ್ಳು ಬಂದಿದ್ದರೆ ಇನ್ನೊಬ್ಬರದೂ ಬಲೆಯೇ, ನೀನೂ ಹೋಗಬೇಡ ಎಂದು ನೀನು ಅವನನ್ನೇ ತಡೆದೆ. ಅವನು ಹೋದ. ನೀನು ಉಳಿದೆ. ಇದನ್ನು ಹೇಳುವಾಗ ರತನ್ ನೆಲ ನೋಡುತ್ತಿದ್ದ. ನಾನು ಒಳಗೆ ಹೋಗಿ, ತೊಳೆದಿಟ್ಟ ಬುಟ್ಟಿಯನ್ನೇ ಇನ್ನೊಮ್ಮೆ ತೊಳೆದೆ.

ನಿನ್ನ ಅಪ್ಪನ ನೆನಪಾಯಿತು. ನೀನು ಹುಟ್ಟುವ ಎಷ್ಟೋ ಮೊದಲು, ತುರ್ತುಪರಿಸ್ಥಿತಿಯ ಕಾಲದಲ್ಲಿ, ಇದೇ ರೇಡಿಯೋವನ್ನು ಅವರು ದೋಣಿ ಕಟ್ಟುವ ಚಪ್ಪರದ ಹಿಂದೆ ಕಿವಿಗೆ ಒತ್ತಿಕೊಂಡು ಕೂರುತ್ತಿದ್ದರು. ಮುಂಬಯಿಯಿಂದ ತಂದದ್ದು. ನಮ್ಮ ಪೇಪರಿನಲ್ಲಿ ಇಲ್ಲದ ಸುದ್ದಿ ಅದರಲ್ಲಿ ಬರುತ್ತಿತ್ತು. ನಾನು ಹೊಸ ಮದುಮಗಳು, ಆದರೂ ಬಾಯಿ ಇದೇ. ನಮ್ಮೂರ ಸುದ್ದಿ ಹೇಳಲು ಸಮುದ್ರದ ಆಚೆಯವನು ಬೇಕಾ ಎಂದು ಬೈದೆ. ಅವರು ತಿರುಗಿಯೂ ನೋಡದೆ, "ಹತ್ರ ಇಪ್ಪವ್ರ ಬಾಯಿ ಕಟ್ಟಿದ್ರ್, ಮತ್ತ್ ದೂರ ಇಪ್ಪವ್ರೇ ಹೇಳ್ಕ್" ಎಂದರು. ನೀನು ಹೋಗುವಾಗ ಅದನ್ನು ಚೀಲಕ್ಕೆ ಹಾಕಿದ್ದಕ್ಕೂ ನಾನು ಬೈದಿದ್ದೆ, ಹಳೇ ಡಬ್ಬಿ ಯಾಕೆ ಎಂದು. ಈಗ ಸಂಜೆ ಏಳಕ್ಕೆ ಮೋಕ್ಷಿತಾಳ ಮೊಬೈಲಿನಲ್ಲಿ ಅದೇ ಸ್ಟೇಶನ್ನು ಹಾಕಿಸಿ ಕೂರುತ್ತೇನೆ. ಇಲ್ಲಿ ಒಂದು ಚೂರೂ ಸದ್ದಿಲ್ಲ, ಪಕ್ಕದಲ್ಲಿ ಕುಳಿತು ಮಾತಾಡಿದ ಹಾಗೆ ಕೇಳುತ್ತದೆ. ಅಷ್ಟು ಸ್ವಚ್ಛವಾಗಿ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಿನಗೆ ಕೇಳುವ ಹಾಗೆಯೇ, ಆ ಗರಗಸದ ಸಮೇತ, ನನಗೂ ಕೇಳಬೇಕು ಅನಿಸುತ್ತದೆ. ಹುಚ್ಚು. ಆ ಹೊತ್ತಿಗೆ ನೀನೂ ಅದನ್ನೇ ಕೇಳುತ್ತಿರುತ್ತೀ ಎಂಬುದೊಂದು ಸಮಾಧಾನ. ಬೇರೆ ಮನೆಯವರ ಮಾತು ಮುಗಿಯುವವರೆಗೂ ಏಳುವುದಿಲ್ಲ. ಭಾಷೆ ತಿಳಿಯುವುದಿಲ್ಲ. ಅಳು ತಿಳಿಯುತ್ತದೆ.

ಮೊನ್ನೆ ಗುರುವಾರ ಮತ್ತೆ ರೆಕಾರ್ಡು ಮಾಡಿದೆವು. ಈ ಸಲ ಯಾರ ಮಾತೂ ಕೇಳಲಿಲ್ಲ. ಮನೆ ಮನೆಗೆ ಮೀನು ಬೇಕಾ ಎಂದು ಕೂಗುವ ದನಿಯಲ್ಲೇ ಶುರು ಮಾಡಿದೆ: "ಹ್ವಾಯ್ ಶೈಲೇಶ, ಕೆಮಿ ಕೆಪ್ಪಾಯ್ತಾ ನಿಂದ್? ಹೋದ್ ಸಲ ಬಾ ಅಂದ್ರೆ ಬಪ್ಪುಕೆ ಎಂತ ಧಾಡಿ ನಿಂಗೆ? ಹದಿನೆಂಟಕ್ಕೆ ಹಡಗ್ ಬತ್ತ್, ಅದೇ ಜೆಟ್ಟಿ, ಹತ್ತ್. ಹತ್ತದಿರೆ ನಾನೇ ಬುಟ್ಟಿ ಹೊತ್ಕಂಡ್ ಬತ್ತೆ, ಕಾಣ್." ಆಮೇಲೆ ನೀನು ಏಳನೇ ವಯಸ್ಸಿನಲ್ಲಿ ಬಾರ್ಜಿನಿಂದ ನನ್ನ ಬಂಗುಡೆ ಬುಟ್ಟಿಯನ್ನು ಹೊಳೆಗೆ ಬೀಳಿಸಿದ್ದನ್ನೂ ಸೇರಿಸಿ ಬೈದೆ. ಅದನ್ನು ಯಾವ ಸರ್ಕಾರಕ್ಕೂ ಕಲ್ಪಿಸಲು ಆಗುವುದಿಲ್ಲ. ಸ್ಟೇಶನ್ನಿನ ಹೆಂಗಸು ಅಲ್ಲಿಂದ ಫೋನು ಮಾಡಿ, ಇವರು ತಾಯಿಯಾ, ಜಗಳವಾ ಎಂದು ಹಿಂದಿಯಲ್ಲಿ ಕೇಳಿದಳು. ಮೋಕ್ಷಿತಾ ವಿವರಿಸಿದ ಮೇಲೆ ನಕ್ಕು, ಮೂರು ಸಂಜೆ ಹಾಕುತ್ತೇನೆ ಎಂದಳು. ನಾಳೆಯಿಂದ ಬರುತ್ತದೆ.

ನೀನು ಇದನ್ನು ಓದುತ್ತಿದ್ದರೆ ಕೇಳಿದ್ದೀ, ನಂಬಿದ್ದೀ. ಡೆಕ್ಕಿನಲ್ಲಿ ಗಾಳಿಗೆ ನಿಲ್ಲಬೇಡ, ರತನನ ಹತ್ತಿರ ನಿನ್ನ ಕಂಬಳಿ ಕಳಿಸಿದ್ದೇನೆ. ನಿನಗೆ ಅಂತ ಹುರಿಗಡಲೆ ಉಂಡೆಯೂ ಇದೆ, ಎಲ್ಲರಿಗೂ ಹಂಚು, ಆದರೆ ಮೊದಲು ನೀನು ತಿನ್ನು. ಗಂಜಿ ಬೇಯಿಸುವಾಗ ಈಗಲೂ ನಿನ್ನ ಪಾಲಿನ ಅಕ್ಕಿ ಕೈಗೆ ಬರುತ್ತದೆ. ಹಾಕುತ್ತೇನೆ. ಉಳಿದದ್ದನ್ನು ನಾನೇ ಉಣ್ಣುತ್ತೇನೆ. ದಪ್ಪ ಆಗಿದ್ದೇನೆ ಎಂದು ಬಂದ ಮೇಲೆ ನಗಬೇಡ.

ನಮ್ಮ ಮನೆದೇವರು ಜೆಟ್ಟಿಯವರೆಗೆ ನಿನ್ನ ಮುಂದೆ ನಡೆಯಲಿ, ಹಡಗು ಹತ್ತಿದ ಮೇಲೆ ಹಿಂದೆ ನಿಲ್ಲಲಿ. ಜೊತೆಯ ಹುಡುಗರಿಗೆಲ್ಲ ನನ್ನ ಆಶೀರ್ವಾದ. ಅಡುಗೆಯವನ ಸುದ್ದಿ ಏನಾದರೂ ಸಿಕ್ಕಿದರೆ ಕೇಳಿಕೊಂಡು ಬಾ, ಅವನಿಗೂ ತಾಯಿ ಇದ್ದಾಳೆ.

ನಿನ್ನ ಅಮ್ಮ,
ಮುತ್ತು

ಇನ್ನೊಂದು. ರತನ್ ಬಂದು ಹೊರಗೆ ಬೈಕಿನ ಹಾರ್ನ್ ಒತ್ತುತ್ತಿದ್ದಾನೆ, ಅವನಿಗೆ ಮಂಗಳೂರಿಗೆ ಹೊತ್ತಾಯಿತು. ಮೋಕ್ಷಿತಾಳನ್ನು ಬೈಯಬೇಡ. ಮೇಲೆ ಬರೆದದ್ದು ಸುಳ್ಳು, ಅವಳು ನನಗೆ ಏನೂ ಹೇಳಿಕೊಟ್ಟಿರಲಿಲ್ಲ, ಸುಮ್ಮನೆ ಫೋನು ಹಿಡಿದು ನಿಂತಿದ್ದಳು. ಒಂದು ನಿಮಿಷವೇ ಇದ್ದದ್ದು, ಅದರಲ್ಲಿ ಬೈಯಲು ನನಗೆ ಮನಸ್ಸು ಬರಲಿಲ್ಲ. ದಯವಿಟ್ಟು ಎಂದದ್ದು ನಾನೇ. ಅದು ನಿನ್ನ ಅಮ್ಮನೇ ಮಗಾ.