ಗುಣವಾಗಿ ಸತ್ತವಳು

ಸುಟ್ಟ ಗಾಯಗಳ ಸಂಶೋಧನೆಗೆಂದೇ ಇರುವ ದತ್ತಿ ಸಂಸ್ಥೆಯನ್ನು ಮುನ್ನಡೆಸುತ್ತಿರುವ ಆಡಳಿತ ಮಂಡಳಿಯ ಮಾನ್ಯರೇ,

ನಿಮ್ಮ ಲೆಕ್ಕದಲ್ಲಿ ನನ್ನ ತಂಗಿ ಗುಣವಾದವಳು. ಅವಳು ತೀರಿಕೊಂಡು ವರ್ಷವಾಗುತ್ತ ಬಂತು. ಈ ಎರಡೂ ಮಾತು ಏಕಕಾಲಕ್ಕೆ ನಿಜವಾಗಬಹುದು ಎಂದು ಹೋದ ತಿಂಗಳ ಸಾರ್ವಜನಿಕ ಸಭೆಯಲ್ಲಿ ನೀವೇ ನನಗೆ ತಿಳಿಸಿಕೊಟ್ಟಿರಿ. ಹಾಗಾದರೆ ಗುಣ ಎಂದರೇನು ಎಂದು ಕೇಳುವುದಕ್ಕೆ ಈ ಪತ್ರ. ನಾನು ಹೆಚ್ಚು ಓದಿದವಳಲ್ಲ. ದಿನ ಮುಗಿದ ಮೇಲೆ ಡೈರಿಯಲ್ಲಿ ನಾಲ್ಕು ಸಾಲು ಬರೆದು ಸುಮ್ಮನಾಗುವವಳು. ಇದೊಂದನ್ನು ಅಲ್ಲಿ ಬರೆದು ಸುಮ್ಮನಾಗಲು ಆಗಲಿಲ್ಲ.

ತಂಗಿ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸದಲ್ಲಿದ್ದಳು. ಹಬೆಯ ಕೊಳವೆಯೊಂದು ಬಿಟ್ಟುಕೊಂಡು ಅವಳ ಬಲಗೈ ಮಣಿಕಟ್ಟಿನಿಂದ ಭುಜದವರೆಗೆ ಬೆಂದುಹೋಯಿತು. ನಿಮ್ಮ ಸಂಸ್ಥೆ ಕಂಡುಹಿಡಿದ ಹೊಸ ಬ್ಯಾಂಡೇಜಿನ ಅಧ್ಯಯನಕ್ಕೆ ಅವಳನ್ನು ಸೇರಿಸಿಕೊಂಡಿರಿ. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಪಕ್ಕದ ಹಾಸಿಗೆಗಳವರ ಗಾಯ ಇನ್ನೂ ಒಸರುತ್ತಿದ್ದಾಗ ಇವಳದು ಮುಚ್ಚಿತು. ನಿಮ್ಮ ನರ್ಸಮ್ಮ ಬೆರಳಿನಿಂದ ಹಗುರವಾಗಿ ಒತ್ತಿ ನೋಡಿ, "ಎಲ್ಲೂ ಬಾಯಿ ಬಿಟ್ಟಿಲ್ಲ. ಪೂರ್ತಿ ಗುಣ ಆಯ್ತು ಕಣಮ್ಮ, ಇನ್ಮೇಲೆ ನೀನು ನಮಗೆ ಬೇಡ!" ಎಂದು ನಕ್ಕರು. ನಾವೂ ನಕ್ಕೆವು. ಅದು ತಮಾಷೆಯಲ್ಲ, ನಿಯಮ ಎಂದು ನಮಗೆ ಆಗ ಗೊತ್ತಿರಲಿಲ್ಲ.

ಗಾಯ ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದನ್ನು ನೀವು ಅಭ್ಯಾಸ ಮಾಡುವುದಿಲ್ಲ. ನಾನು ಕಣ್ಣಾರೆ ಕಂಡೆ. ಹೊಸ ಚರ್ಮ ಒಗೆದ ಉಣ್ಣೆಯ ಹಾಗೆ ಸೆಡೆಯುತ್ತ ಬಂತು. ಮೊಣಕೈ ಮಡಚಿದ್ದು ಮಡಚಿದಂತೆಯೇ ನಿಂತಿತು. ಜಡೆ ನಾನು ಹಾಕಬೇಕು, ಅಂಗಿಯ ತೋಳು ನಾನು ಬಿಚ್ಚಿ ಅಗಲ ಮಾಡಿಕೊಡಬೇಕು. ತುರಿಕೆ ಬಂದರಂತೂ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಕೈ ಉಜ್ಜುತ್ತ ನಿಂತುಬಿಡುತ್ತಿದ್ದಳು. ಅಲ್ಲಿ ಬಣ್ಣ ಸವೆದು ಮರ ಕಾಣುತ್ತದೆ. ಮನೆಗೆ ಬಣ್ಣ ಹೊಡೆಯಲು ಬಂದವನಿಗೆ ಆ ಒಂದು ಜಾಗ ಮುಟ್ಟಬೇಡ ಎಂದಿದ್ದೇನೆ.

ಹೀಗಿರುವಾಗ ನಿಮ್ಮ ಕಚೇರಿಯಿಂದ ಫೋನ್ ಬಂತು. ಕೈ ನೋಡಲು ಕರೆಯುತ್ತಿದ್ದಾರೆಂದು ಓಡೋಡಿ ಬಂದೆವು. ಕರೆದದ್ದು ಫೋಟೋಕ್ಕೆ. ಗುಣವಾದವರ ಚಿತ್ರ ನಿಮಗೆ ಬೇಕಾಗಿತ್ತು.

"ಕೈ ಚಾಚಿ ಮೇಡಂ" ಎಂದ ಫೋಟೋದವನು.

"ಚಾಚೇ ಇದೀನಲ್ಲಪ್ಪ."

"ಇನ್ನೂ ಸ್ವಲ್ಪ."

"ಇನ್ನೂ ಬೇಕಂದ್ರೆ ಕೈನೇ ಬಿಚ್ಚಿ ನಿನ್ ಕೈಗೆ ಕೊಡ್ಬೇಕಷ್ಟೇ."

ಅವನಿಗೂ ನಗು ಬಂತು. ನಗುತ್ತಿದ್ದ ಅವಳದೊಂದು ಪೂರ್ತಿ ಫೋಟೋ ತೆಗೆದ. ಆಮೇಲೆ, "ಮೊಣಕೈ ಚೆನ್ನಾಗಿ ಬರಲ್ಲ, ಬಿಡಿ, ಕಟ್ ಮಾಡ್ತೀನಿ" ಅಂದ. ಹಿಂದಿರುಗುವಾಗ ಬಸ್ಸಿನಲ್ಲಿ ತಂಗಿ ನನ್ನ ಪಕ್ಕೆ ತಿವಿದು, "ಅಕ್ಕ, ಮೊಣಕೈ ಕಟ್ ಮಾಡ್ದ, ಚೂರೂ ನೋವಾಗ್ಲಿಲ್ಲ ನೋಡೇ" ಎಂದಳು.

ಈಗ ಆ ಕೈ ನಿಮ್ಮ ಕಟ್ಟಡದ ಹಜಾರದಲ್ಲಿ ಬಾಗಿಲಿನಷ್ಟು ಎತ್ತರವಾಗಿ ನಿಂತಿದೆ. ಮಣಿಕಟ್ಟಿನಿಂದ ಮೊಣಕೈಯ ಸ್ವಲ್ಪ ಈಚೆಯವರೆಗೆ. ಕೆಳಗೆ "ಗುಣವಾಯಿತು" ಎಂಬ ಒಂದೇ ಪದ.

ಅದರ ಕೆಳಗೇ ನಾವು ಮತ್ತೊಮ್ಮೆ ಬಂದು ನಿಂತಿದ್ದೆವು, ಮಾನ್ಯರೇ. ಮೊಣಕೈಯ ಮಡಿಕೆಯಲ್ಲಿ ಚರ್ಮ ಬಿರಿದು ಕೀವು ಕಾಣಿಸಿಕೊಂಡಿತ್ತು. ಹಜಾರದಲ್ಲಿ ಬಂದವರನ್ನು ವಿಚಾರಿಸುವ ಮೇಜಿನ ಹುಡುಗಿ ಕಂಪ್ಯೂಟರ್ ನೋಡಿ, "ಇಲ್ಲಿ ನೀವು ಗುಣ ಅಂತ ಇದೆಯಲ್ಲ ಆಂಟಿ?" ಅಂದಳು.

"ಅಲ್ಲಿ ಇರಬಹುದು ಪುಟ್ಟಿ. ಇಲ್ಲಿ ನೋಡು" ಎಂದು ತಂಗಿ ತೋಳು ಸರಿಸಿದಳು.

ಹುಡುಗಿಯ ಮುಖ ಸಣ್ಣದಾಯಿತು. "ಗುಣ ಆದವ್ರನ್ನ ಮತ್ತೆ ನೋಡೋ ಹಾಗಿಲ್ಲ ಆಂಟಿ. ಹೊರಗಡೆ ಡಾಕ್ಟ್ರಿಗೆ ತೋರಿಸ್ಬಿಡಿ, ದಯವಿಟ್ಟು."

ಅವಳನ್ನು ನಾನು ದೂರುವುದಿಲ್ಲ. ಆ ನಿಯಮವನ್ನು ಅವಳು ಮಾಡಿರಲಿಲ್ಲ. ಹೊರಗಿನ ಡಾಕ್ಟರು ನಿಮ್ಮ ಕಾಗದ ನೋಡಿ, "ದೊಡ್ಡವರೇ ಗುಣ ಅಂತ ಬರೆದಿದ್ದಾರೆ. ಮೇಲಿನ ಬಿರುಕು ಅಷ್ಟೇ" ಎಂದು ಮುಲಾಮು ಕೊಟ್ಟು ಕಳಿಸಿದರು. ನಿಮ್ಮ ಒಂದು ಪದದ ಮೇಲೆ ಅವರಿಗೆ ಅಷ್ಟು ಭರವಸೆ. ಬಸ್ ನಿಲ್ದಾಣದಲ್ಲಿ ತಂಗಿ, "ಗಾಯ ಮಾಯ್ತು ಅಂದ್ರು, ಆಮೇಲೆ ಅವ್ರೇ ಮಾಯ" ಎಂದಳು. ಅವಳು ಹೇಳಿದ ಕೊನೆಯ ತಮಾಷೆ ಅದು. ನಂಜು ರಕ್ತಕ್ಕೆ ಇಳಿಯಿತು. ವಾರ ತುಂಬುವ ಮೊದಲೇ ಹೋದಳು.

ನೀವು ಕೊಂದಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಸಭೆಯಲ್ಲಿ ನಿಮ್ಮ ಅಧ್ಯಕ್ಷರು, ಸೇರಿಸಿಕೊಂಡವರಲ್ಲಿ ಬಹುಪಾಲು ಗುಣಮುಖರಾಗಿದ್ದಾರೆ ಎಂದಾಗ ನಾನು ಎದ್ದು ನಿಂತು ಕೇಳಿದೆ, ಅದರಲ್ಲಿ ನನ್ನ ತಂಗಿಯೂ ಸೇರಿದ್ದಾಳೆಯೇ? "ಗಾಯ ಪೂರ್ಣವಾಗಿ ಮುಚ್ಚಿತ್ತು. ಆದ್ದರಿಂದ ಅಧ್ಯಯನದ ಮಟ್ಟಿಗೆ ಅವರು ಗುಣಮುಖರು. ನಂತರದ್ದು ದುರದೃಷ್ಟಕರ" ಎಂದರು. ಎಷ್ಟು ಸೌಜನ್ಯದಿಂದ ಹೇಳಿದರೆಂದರೆ, ನಾನು ಥ್ಯಾಂಕ್ಸ್ ಹೇಳಿ ಕೂತುಬಿಟ್ಟೆ. ಗಾಯ ಗುಣವಾಗುವುದು, ಅದನ್ನು ಹೊತ್ತವಳು ಸಾಯುವುದು, ಇವೆರಡಕ್ಕೂ ಸಂಬಂಧವಿಲ್ಲದಂತೆ ಗೆರೆ ಎಳೆದವರು ಯಾರು? ಗಾಯವೊಂದೇ ನಡೆದುಕೊಂಡು ನಿಮ್ಮ ಬಾಗಿಲಿಗೆ ಬಂದಿತ್ತೇ? ಗಾಯ ಮುಚ್ಚಿದ ದಿನವೇ ನಿಮ್ಮ ಬಾಗಿಲೂ ಏಕೆ ಮುಚ್ಚಬೇಕು?

ಮುಂದಿನ ತಿಂಗಳು ಹೊಸ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳುತ್ತೀರಂತೆ. ಆ ಕರಪತ್ರದ ಮೇಲೂ ಅವಳದೇ ಕೈ. ಯಾರದೋ ತಂಗಿ ಅದನ್ನು ನಂಬಿ ಬರುತ್ತಾಳೆ. ಬರಲಿ, ನಿಮ್ಮ ಬ್ಯಾಂಡೇಜು ಒಳ್ಳೆಯದು. ಆದರೆ ಅವಳು ಬರುವ ಮೊದಲು ನಿಯಮ ಬದಲಾಗಬೇಕು. ಗಾಯ ಮುಚ್ಚಿದರೆ ಮುಚ್ಚಿತು ಎಂದಷ್ಟೇ ಬರೆಯಿರಿ. ಗುಣ ಎಂಬ ಮಾತನ್ನು ಅವಳ ಬಾಯಿಂದ ಕೇಳಿದ ಮೇಲೆ ಬರೆಯಿರಿ. ಅಲ್ಲಿಯವರೆಗೆ, ಎಷ್ಟು ವರ್ಷವಾದರೂ, ಅವಳು ತೋಳು ಸರಿಸಿ ತೋರಿಸಿದರೆ ನೋಡುವವರೊಬ್ಬರು ಅಲ್ಲಿರಬೇಕು.

ಹಜಾರದ ಚಿತ್ರವನ್ನು ತೆಗೆಯಿರಿ ಎಂದು ಕೇಳುವುದಿಲ್ಲ. ಪೂರ್ತಿ ಹಾಕಿ. ಮಡಚಿಕೊಂಡ ಮೊಣಕೈ, ಅಗಲ ಮಾಡಿದ ತೋಳು, ನಾನು ಹಾಕಿದ ಜಡೆ, ಅವಳ ನಗು, ಎಲ್ಲ ಅದರಲ್ಲಿದೆ. ಅದರ ಕೆಳಗೆ ಯಾವ ಪದ ಹೊಂದುತ್ತದೆ ಎಂದು ನೀವೆಲ್ಲ ಅಲ್ಲಿ ನಿಂತು ಯೋಚಿಸಿ.

ಇಂತಿ,
ನಿಮ್ಮ ಗುಣವಾದ ಕೈಯ ಅಕ್ಕ